ಸುದ್ದಿ ಇಲ್ಲದವರು ಎಲ್ಲಿ ಕೂರಬೇಕು

ಕುವೈತಿನ ರುಮೈಥಿಯಾದ ನಮ್ಮ ಮನೆಯ ಹಾಲ್‌ನಲ್ಲಿ ಕೂರುವುದಕ್ಕೆ ಮೂರು ಜಾಗಗಳಿದ್ದವು. ಗೋಡೆಗೆ ಒತ್ತಿಕೊಂಡು ಒಂದು ಸೋಫಾ, ಕಿಟಕಿಯ ಎಸಿಯ ಕೆಳಗೆ ಬೆತ್ತದ ಕುರ್ಚಿ, ನಡುವೆ ನೆಲದ ಮೇಲೆ ಊರಿನಿಂದ ಸುತ್ತಿಕೊಂಡು ತಂದ ಚಾಪೆ. ಸೋಫಾ ಕಂದು ಬಣ್ಣದ್ದು ಎಂದು ನನ್ನ ನೆನಪು. ಹಸಿರು ಎಂದು ಅಪ್ಪ ಕೊನೆಯವರೆಗೂ ವಾದಿಸುತ್ತಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಈಗ ಆ ಸೋಫಾ ಇಲ್ಲ. ನೆನಪನ್ನು ನಂಬಬಾರದೆಂದು ನನಗೆ ಕಲಿಸಿದವರು ಅಮ್ಮ. ನೆನಪು ಹೊಸದಾಗಿ ಏನನ್ನೂ ತಿಳಿಸುವುದಿಲ್ಲ, ಹಿಂದೆ ಎಂದೋ ತಿಳಿದದ್ದನ್ನು ಬಿಸಿ ಮಾಡಿ ಬಡಿಸುತ್ತದೆ, ಅಷ್ಟೇ ಎನ್ನುತ್ತಿದ್ದರು. ಪ್ರತಿ ಸಲ ಬಿಸಿ ಮಾಡುವಾಗ ಉಪ್ಪು ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ದಿನಚರಿ ಬರೆಯುತ್ತ ಬಂದ ನಾನು ಸೇರಿಸಿಕೊಂಡ ಮಾತು. ಆದ್ದರಿಂದ ಈ ಅಧ್ಯಾಯದಲ್ಲಿ ನಾನೇ ಕಂಡದ್ದು ಯಾವುದು, ಆಮೇಲೆ ಅವರಿವರಿಂದ ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ. ಸೋಫಾದ ಬಣ್ಣ ಬಿಟ್ಟುಬಿಡಿ. ಅದರ ಮೇಲೆ ಯಾರು ಕೂರಬಹುದಿತ್ತು, ಯಾರು ಕೂರಬಾರದಿತ್ತು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮನೆ ಒಬ್ಬ ಕುವೈತಿಯದ್ದು. ಕೆಳಗೆ ಅವರ ಸಂಸಾರ, ಮೇಲಿನ ಅಂತಸ್ತಿನಲ್ಲಿ ಎದುರುಬದುರಾಗಿ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾವು ಮೂವರು. ಇನ್ನೊಂದರಲ್ಲಿ ಲಿಲ್ಲಿ ಆಂಟಿ, ವಿನ್ಸೆಂಟ್ ಅಂಕಲ್, ನನ್ನದೇ ವಯಸ್ಸಿನ ಜೋಯ್ಸ್, ತೊದಲು ಮಾತಿನ ಅವಳ ತಮ್ಮ. ನಾವು ಉಡುಪಿ ಕಡೆಯ ತುಳುವರು, ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಎರಡು ಬಾಗಿಲುಗಳ ನಡುವಿನ ಆ ಚಿಕ್ಕ ಜಾಗದಲ್ಲಿ ಕನ್ನಡ ನಡೆಯುತ್ತಿತ್ತು. ಜೋಯ್ಸ್ ಮತ್ತು ನಾನು ಎಲ್ಲವನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು. ವಿನ್ಸೆಂಟ್ ಅಂಕಲ್ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ವಾರವೆಲ್ಲ ಅಲ್ಲಿಯೇ ಒಂದು ಕೋಣೆಯಲ್ಲಿದ್ದು ಗುರುವಾರ ಮಧ್ಯಾಹ್ನ ಮನೆಗೆ ಬರುವವರು. ಅವರು ಬಂದರೆಂಬುದು ನಮಗೆ ಮೀನು ಹುರಿಯುವ ವಾಸನೆಯಿಂದ ತಿಳಿಯುತ್ತಿತ್ತು.

ಅಮ್ಮ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಊರಿನ ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಹೇಳಿ, ಮದುವೆಯಾಗಿ ಕುವೈತಿಗೆ ಬಂದವರು. ಅಪ್ಪ ಒಂದು ಕಟ್ಟಡ ಸಾಮಾನಿನ ಕಂಪನಿಯ ಆಫೀಸಿನಲ್ಲಿದ್ದರು. ಹೆಂಡತಿಯ ವಿದ್ಯೆಯ ಬಗ್ಗೆ ಅವರಿಗೆ ಗೌರವ ಇರಲಿಲ್ಲವೆಂದಲ್ಲ. ಮನೆಗೆ ಬಂದವರ ಮುಂದೆ ಅದನ್ನು ಹೇಳಿಕೊಳ್ಳುವ ಅವರ ರೀತಿಯೇ ಬೇರೆ.

"ಇವಳು ಎರಡು ವರ್ಷ ಕಷ್ಟಪಟ್ಟು ಓದಿ, ಕೋಣೆಯಲ್ಲಿ ಮಡಕೆ ಉಂಟೋ ಇಲ್ಲವೋ ಅಂತ ಕಂಡುಹಿಡಿದಿದ್ದಾಳೆ. ನಾನಾದ್ರೆ ಒಳಗೆ ಹೋಗಿ ನೋಡಿ ಬರ್ತಿದ್ದೆ."

"ನೋಡಿದ್ರೆ ಕಾಣ್ತದೆ ಅಂತ ನಿಮಗೆ ಹೇಳಿದ್ದು ಯಾರು ಮಾರಾಯ್ರೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು. ಬಂದವರು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ಪಾಲು ನಗುವಿತ್ತೆಂದು ಆಗ ನನಗೆ ತಿಳಿಯುತ್ತಿರಲಿಲ್ಲ, ಈಗಲೂ ಖಚಿತವಾಗಿ ಹೇಳಲಾರೆ. ಹಳೆಯ ಪಾಠದ ಪುಸ್ತಕಗಳು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿದ್ದವು. ಅವುಗಳ ಮೇಲೆ ಊರಿಗೆ ಒಯ್ಯಬೇಕಾದ ಟಾಲ್ಕಂ ಪೌಡರ್, ಸಾಬೂನು, ಟಾರ್ಚುಗಳು ಕೂತಿರುತ್ತಿದ್ದವು.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದ ಬೆಳಿಗ್ಗೆ ನಾನು ಕಂಡದ್ದು ಬಹಳ ಕಡಿಮೆ. ಶಾಲೆಗೆ ಬೇಸಿಗೆ ರಜೆ. ಕೆಳಗಿನ ಕುವೈತಿ ಸಂಸಾರ ರಜೆಗೆ ಹೊರದೇಶಕ್ಕೆ ಹೋಗಿತ್ತು. ದೂರದಲ್ಲಿ ಢಬ್ ಢಬ್ ಎಂಬ ಸದ್ದು, ರಸ್ತೆಯಲ್ಲಿ ಒಂದೂ ಕಾರಿಲ್ಲ, ಅಪ್ಪ ಕೆಲಸಕ್ಕೆ ಹೋಗುವ ಅಂಗಿ ತೊಟ್ಟುಕೊಂಡು ಹೋಗದೆ ನಿಂತಿದ್ದರು. ಆ ದಿನ ಗುರುವಾರ. ವಿನ್ಸೆಂಟ್ ಅಂಕಲ್ ಬರಲಿಲ್ಲ. ಜಹ್ರಾದ ಫೋನು ಮೊದಲು ಗುಯ್‌ಗುಟ್ಟಿತು, ಆಮೇಲೆ ಸತ್ತೇ ಹೋಯಿತು.

ನಂತರದ ದಿನಗಳಲ್ಲಿ ನಮ್ಮ ಮನೆಗೆ ನೀರಿಗಿಂತ ಹೆಚ್ಚು ಹರಿದು ಬಂದದ್ದು ಸುದ್ದಿ. ಜಮೀಯಾದಲ್ಲಿ, ಅಂದರೆ ನಮ್ಮ ಬಡಾವಣೆಯ ಸಹಕಾರಿ ಅಂಗಡಿಯಲ್ಲಿ, ಖುಬ್ಜ್ ರೊಟ್ಟಿಗೆ ಸರದಿ ನಿಂತು ಬಂದವರು ರೊಟ್ಟಿಯ ಜೊತೆ ಸುದ್ದಿಯನ್ನೂ ತರುತ್ತಿದ್ದರು. ಹಡಗು ಬಂದು ಬಂದರಿನಲ್ಲಿ ನಿಂತಿದೆ. ಹಡಗು ಮುಳುಗಿತು. ಗಡಿಯಲ್ಲಿ ಭಾರತೀಯರನ್ನು ಬಿಡುತ್ತಿದ್ದಾರೆ. ಗಡಿಯಲ್ಲಿ ಭಾರತೀಯರ ಚಿನ್ನ ಕಸಿಯುತ್ತಿದ್ದಾರೆ. ನಾಳೆ ನೀರು ಬಂದ್. ಸುತ್ತಲಿನ ಮನೆಗಳ ನಮ್ಮ ಕಡೆಯವರೆಲ್ಲ ನಮ್ಮ ಹಾಲ್‌ನಲ್ಲಿ ಸೇರುತ್ತಿದ್ದರು. ಒಂದು ಸುದ್ದಿ ಕೇಳಿ ಗಂಟು ಕಟ್ಟುವುದು, ಇನ್ನೊಂದು ಕೇಳಿ ಗಂಟು ಬಿಚ್ಚುವುದು. ಒಂದು ಮಧ್ಯಾಹ್ನ ಯಾರದೋ ಮಾತು ಕೇಳಿ ಇದ್ದ ಕುಚ್ಚಲಕ್ಕಿಯನ್ನೆಲ್ಲ ಬೇಯಿಸಿ ಬುತ್ತಿ ಕಟ್ಟಿದ ಮನೆಯವರು ಸಂಜೆ ಆ ಅನ್ನವನ್ನು ಎಲ್ಲರಿಗೂ ಹಂಚಬೇಕಾಯಿತು. ಅದಾದ ಮೇಲೆಯೇ ಇರಬೇಕು ಅಮ್ಮ ಮೂರು ಆಸನಗಳ ಕ್ರಮ ತಂದದ್ದು.

ಕ್ರಮ ಸರಳ. ಕಣ್ಣಾರೆ ಕಂಡು ಬಂದವರು ಸೋಫಾದ ಮೇಲೆ. ಕಂಡ ಒಂದರಿಂದ ಕಾಣದ ಇನ್ನೊಂದನ್ನು ಊಹಿಸಿದವರು ಬೆತ್ತದ ಕುರ್ಚಿಯಲ್ಲಿ. ಇನ್ನೊಬ್ಬರ ಬಾಯಿಂದ ಕೇಳಿದವರು ಚಾಪೆಯ ಮೇಲೆ. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಕಾಲೇಜಿನಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ಪಾಠ ಹೇಳಿದ್ದನ್ನೇ ಅಮ್ಮ ಹಾಲ್‌ನಲ್ಲಿ ಹರಡಿ ಇಟ್ಟಿದ್ದರು. ಮೊದಲಿಗೆ ಅದು ಜೋಯ್ಸಳನ್ನೂ ನನ್ನನ್ನೂ ಸುಮ್ಮನಿರಿಸಲು ಹೂಡಿದ ಆಟವಾಗಿತ್ತು. ನಾವಿಬ್ಬರು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೇಳುತ್ತಿದ್ದೆವು: "ಸೀನ್, ಗೆಸ್ಡ್, ಆರ್ ಹರ್ಡ್?" ದೊಡ್ಡವರು ನಕ್ಕರು. ಕೆಲವೇ ದಿನಗಳಲ್ಲಿ ಅವರ ನಗು ನಿಂತು, ತಾವಾಗಿಯೇ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂರತೊಡಗಿದರು. ಚಾಪೆ ಯಾವಾಗಲೂ ತುಂಬಿರುತ್ತಿತ್ತು. ಸೋಫಾ ಬಹುತೇಕ ಖಾಲಿ. ಚಾಪೆಯೆಂದರೆ ಅವಮಾನವಲ್ಲ ಎಂದು ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳಿ ತಿಳಿಯುವುದೂ ತಿಳಿಯುವುದೇ, ಆದರೆ ಹೇಳಿದವನು ಕಂಡವನಾಗಿರಬೇಕು, ಸುಳ್ಳು ಹೇಳದವನಾಗಿರಬೇಕು.

ಲಿಲ್ಲಿ ಆಂಟಿಯ ಅಣ್ಣ ಅಲ್ಫೋನ್ಸ್ ಮಾಮ್ ಸಾಲ್ಮಿಯಾದ ಒಂದು ಹೋಟೆಲಿನಲ್ಲಿದ್ದರು. ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಹೋಟೆಲಿನಿಂದ ಅಡಿಗೆ ಎಣ್ಣೆಯ ಡಬ್ಬಿಗಳನ್ನು ತಂದು ನಮ್ಮೆರಡೂ ಮನೆಗೆ ಕೊಟ್ಟವರು ಅವರೇ. ಒಂದು ಬೆಳಿಗ್ಗೆ ಅವರು ಮೆಟ್ಟಿಲು ಹತ್ತಿ ಬಂದು, ನನ್ನ ಪ್ರಶ್ನೆಗೆ ಉತ್ತರ ಕೊಡದೆ, ನೇರ ಸೋಫಾದ ಮೇಲೆ ಕುಸಿದು ಕೂತರು. ಲಿಲ್ಲಿ ಆಂಟಿ ತಮ್ಮ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದರು, ಜೋಯ್ಸ್ ತಮ್ಮನನ್ನು ನೋಡಿಕೊಳ್ಳುತ್ತ ಅಲ್ಲಿಯೇ ಇದ್ದಳು. ಮಾಮ್ ದನಿ ತಗ್ಗಿಸಿ ಹೇಳಿದರು. ಅವರ ತಗ್ಗಿದ ದನಿಯೂ ನನಗೆ ಕೇಳುವಷ್ಟಿತ್ತು.

"ಟೀಚರ್, ಮುಗೀತು. ಜಹ್ರಾ ರೋಡಲ್ಲಿ ಕ್ಲಿನಿಕ್ಕಿನವರ ವ್ಯಾನಿಗೆ ಹೊಡೆದಿದ್ದಾರಂತೆ. ಒಬ್ಬನೂ ಉಳಿಲಿಲ್ಲ. ವಿನ್ಸೆಂಟ್..." ಎಂದವರು ಕರವಸ್ತ್ರಕ್ಕೆ ಮುಖ ಒತ್ತಿದರು.

ಅಮ್ಮ ಎದುರುಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ, ಊರಿನಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಿ ಎಂದು ಕರೆಯುವ ರೂಢಿಯಂತೆ ಕೇಳಿದರು.

"ಪೊರ್ಬುಗಳೇ, ವ್ಯಾನ್ ನೀವು ಕಂಡಿದ್ದೀರಾ?"

"ನಾನು ಹೇಗೆ ಕಾಣ್ಲಿ? ರೊಟ್ಟಿ ಲೈನಲ್ಲಿ ಹೇಳಿದ್ದು."

"ಹೇಳಿದವನು ಕಂಡಿದ್ದಾನಾ?"

"ಅವನಿಗೆ ಒಬ್ಬ ಡ್ರೈವರ್ ಹೇಳಿದ್ದಂತೆ."

"ಡ್ರೈವರ್ ಕಂಡಿದ್ದಾನಾ?"

"ಎಲ್ಲರೂ ಹೇಳ್ತಾರೆ ಟೀಚರ್! ಇಡೀ ಲೈನು ಹೇಳ್ತಾ ಉಂಟು!"

"ಹಾಗಾದ್ರೆ ಚಾಪೆಯಲ್ಲಿ ಕೂತ್ಕೊಳ್ಳಿ."

ಅಲ್ಫೋನ್ಸ್ ಮಾಮ್‌ನ ಮುಖ ಕೆಂಪೇರಿತು. "ಸತ್ತದ್ದು ನನ್ನ ತಂಗಿಯ ಗಂಡ. ನಿಮ್ಮ ಆಟಕ್ಕೆ ನಾನು ನೆಲದಲ್ಲಿ ಕೂರ್ಬೇಕಾ? ಇವತ್ತು ಮಧ್ಯಾಹ್ನ ಪ್ರಾರ್ಥನೆಗೆ ನಮ್ಮವರನ್ನೆಲ್ಲ ಕರೆದಾಗಿದೆ. ಅವನ ಆತ್ಮಕ್ಕೆ ಶಾಂತಿ ಬೇಡ್ವಾ? ನಾಡಿದ್ದು ಬಾಸ್ರಾಕ್ಕೆ ಬಸ್ ಹೊರಡ್ತದೆ. ಅದರಲ್ಲಿ ಲಿಲ್ಲಿಯನ್ನೂ ಮಕ್ಕಳನ್ನೂ ಹತ್ತಿಸ್ತೇನೆ. ಇಲ್ಲಿ ಇನ್ನು ಯಾರಿಗೋಸ್ಕರ ಕೂರುದು ಅವಳು?"

ಅಮ್ಮ ಹೇಳಿದ್ದು ನನಗೆ ಈಗಲೂ ಅಕ್ಷರಶಃ ನೆನಪಿದೆ ಎಂದುಕೊಂಡಿದ್ದೇನೆ. "ಬಸ್ ಹತ್ತಿಸುದು ಬಿಡುದು ನಿಮಗೆ ಬಿಟ್ಟದ್ದು. ಪ್ರಾರ್ಥನೆಯನ್ನೂ ಮಾಡಿ, ಬದುಕಿರುವವರಿಗೆ ಮಾಡುವಂಥದ್ದು. ಸತ್ತವರಿಗೆ ಮಾಡುವಂಥದ್ದು ಈಗ ಬೇಡ. ಅದಕ್ಕೆ ಆಧಾರ ಇಲ್ಲ."

ಹಿಂದೂ ಹೆಂಗಸೊಬ್ಬಳು ಕ್ರೈಸ್ತರ ಮನೆಯ ಮರಣದ ಪ್ರಾರ್ಥನೆಯನ್ನು ತಡೆದಳೆಂದು ಆ ಬೀದಿಯಲ್ಲಿ ಮಾತಾಯಿತು. ಅಪ್ಪನೂ ಅಮ್ಮನನ್ನು ಗದರಿದರು, ನಿನಗೆ ಎಂತಕ್ಕೆ ಬೇಕಿತ್ತು ಎಂದು. ಅಷ್ಟು ಹೊತ್ತಿಗೆ ವಿಷಯ ಲಿಲ್ಲಿ ಆಂಟಿಗೂ ತಲುಪಿತ್ತು. ಮಧ್ಯಾಹ್ನ ಅವರು ನಮ್ಮ ಬಾಗಿಲಿಗೆ ಬಂದರು. ಅಳುತ್ತಿರಲಿಲ್ಲ. ಕೈಯಲ್ಲಿ ಸಾಬೂನಿನ ನೊರೆ ಒಣಗಿತ್ತು. ಹಾಲ್‌ನಲ್ಲಿ ಅಪ್ಪ ಈರುಳ್ಳಿ ಸುಲಿಯುತ್ತ ಕೂತಿದ್ದರು, ಅಲ್ಫೋನ್ಸ್ ಮಾಮ್ ಮುನಿಸಿನಿಂದ ಗೋಡೆಗೊರಗಿ ನಿಂತೇ ಇದ್ದರು. ಲಿಲ್ಲಿ ಆಂಟಿ ಮೂರೂ ಆಸನಗಳನ್ನು ಒಂದೊಂದಾಗಿ ನೋಡಿದರು.

"ಟೀಚರ್, ನಾನೇನೂ ಕಂಡಿಲ್ಲ. ನನಗೇನೂ ಊಹೆ ಬರುದಿಲ್ಲ. ಅಣ್ಣ ಕೇಳಿದ್ದನ್ನು ನೀವು ಆಧಾರ ಇಲ್ಲ ಹೇಳ್ತೀರಿ. ಜಹ್ರಾದಿಂದ ನನಗೆ ಒಂದೇ ಒಂದು ಸುದ್ದಿ ಇಲ್ಲ. ಸುದ್ದಿ ಇಲ್ಲದವರು ಎಲ್ಲಿ ಕೂರ್ಬೇಕು?"

ಅಮ್ಮ ಅವರ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಅಡುಗೆಮನೆಯ ಮೂಲೆಯಲ್ಲಿ ಕಪಾಟಿನಂಥ ಒಂದು ಚಿಕ್ಕ ಉಗ್ರಾಣವಿತ್ತು. ಅದಕ್ಕೆ ಕಿಟಕಿ ಇಲ್ಲ, ಆ ಹೊತ್ತಿಗೆ ಕರೆಂಟೂ ಇರಲಿಲ್ಲ. ಅಮ್ಮ ಅದರ ಬಾಗಿಲು ತೆರೆದರು. ಒಳಗೆ ಕಪ್ಪು.

"ಬೆಲ್ಲದ ಡಬ್ಬಿ ಕಾಣ್ತದಾ ಬಾಯಿ?"

"ಇಲ್ಲ."

"ಹಾಗಾದ್ರೆ ಡಬ್ಬಿ ಇಲ್ವಾ?"

"ಕತ್ತಲೆಯಲ್ಲಿ ಹೇಗೆ ಹೇಳುದು?"

"ಅಷ್ಟೆ. ಇದ್ದಿದ್ರೆ ಕಾಣ್ತಿತ್ತು ಅಂತ ಹೇಳುವ ಹಾಗಿದ್ರೆ ಮಾತ್ರ, ಕಾಣದ್ದಕ್ಕೆ ಇಲ್ಲ ಅಂತ ಅರ್ಥ. ಫೋನ್ ಇಲ್ಲ. ರಸ್ತೆ ತುಂಬ ಸೈನ್ಯ. ವಿನ್ಸೆಂಟರು ಆರಾಮ ಇದ್ರೂ ನಿಮಗೆ ಸುದ್ದಿ ಬರ್ತಿತ್ತಾ? ಬರ್ತಿರ್ಲಿಲ್ಲ. ಹಾಗಾದ್ರೆ ಸುದ್ದಿ ಬಾರದ್ದು ಏನನ್ನೂ ಹೇಳುದಿಲ್ಲ. ಒಳ್ಳೇದನ್ನೂ ಹೇಳುದಿಲ್ಲ, ಕೆಟ್ಟದ್ದನ್ನೂ ಹೇಳುದಿಲ್ಲ."

ಅನುಪಲಬ್ಧಿ ಎಂದು ಅದಕ್ಕೆ ಹೆಸರು. ಕಾಣದಿರುವುದರ ಮೂಲಕ ಇಲ್ಲದಿರುವುದನ್ನು ತಿಳಿಯುವ ದಾರಿ, ಮತ್ತು ಆ ದಾರಿ ಎಲ್ಲಿ ಮುಚ್ಚುತ್ತದೆ ಎಂಬ ವಿಚಾರ. ಅದು ನಾಲ್ಕು ಗೋಡೆಗಳ ನಡುವೆ ಪಂಡಿತರು ಶತಮಾನಗಳಿಂದ ಕೂದಲು ಸೀಳಿದ ವಿಷಯ ಎಂದು ದೊಡ್ಡವಳಾದ ಮೇಲೆ ಓದಿದೆ. ತರಗತಿಯಲ್ಲಿ ಅದನ್ನು ಓದುತ್ತಿದ್ದಾಗ ಪಕ್ಕದವರು ಆಕಳಿಸುತ್ತಿದ್ದರು. ನನಗೆ ಮಾತ್ರ ಬೆಲ್ಲದ ವಾಸನೆ ಬಂತು.

ಲಿಲ್ಲಿ ಆಂಟಿ ಕತ್ತಲೆಯನ್ನೇ ನೋಡುತ್ತ ನಿಂತಿದ್ದರು. "ಅಳಲಿಕ್ಕೂ ಬಿಡುದಿಲ್ಲ, ನಗಲಿಕ್ಕೂ ಬಿಡುದಿಲ್ಲ ನೀವು. ನಾನು ಎಂತ ಮಾಡುದು, ಹೀಗೇ ಕತ್ತಲೆ ನೋಡ್ತಾ ಕೂರುದಾ?"

"ಇಲ್ಲ. ಬೆಳಕು ತರ್ಬೇಕು. ಯಾರಾದ್ರೂ ಜಹ್ರಾಕ್ಕೆ ಹೋಗಿ ನೋಡಿ ಬರ್ಬೇಕು."

ಅಮ್ಮ ಇದನ್ನು ವಾದದ ಕೊನೆಯ ಮೆಟ್ಟಿಲೆಂಬಂತೆ ಹೇಳಿದ್ದರು, ಕಾಲೇಜಿನಲ್ಲಿ ಹೇಳಿದ ಹಾಗೆ. ಹಾಲ್‌ನಲ್ಲಿ ಚೂರಿ ಕೆಳಗಿಟ್ಟ ಸದ್ದಾಯಿತು.

"ನಾನು ಹೋಗಿ ಬರ್ತೇನೆ" ಎಂದರು ಅಪ್ಪ.

ಅಮ್ಮ ತಿರುಗಿ ನೋಡಿದರು. "ನೀವಾ?"

"ಯಾರಾದ್ರೂ ಅಂದಿಯಲ್ಲ ಮಾರಾಯ್ತಿ. ನಾನು ಯಾರಾದ್ರೂ ಅಲ್ವಾ?"

ಆ ಸಂಜೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅವರಿಬ್ಬರೂ ಜಗಳವಾಡಿದರು. ನನ್ನ ಬಾಲ್ಯದಲ್ಲಿ ಕೇಳಿದ ಜಗಳಗಳಲ್ಲಿ ಇದೊಂದೇ ತುಳುವಿನಲ್ಲಿ ಅಲ್ಲದೆ ಅರ್ಧ ಕನ್ನಡದಲ್ಲಿ ನಡೆದದ್ದು. ನನಗೆ ತಿಳಿಯಬಾರದೆಂದು ಇದ್ದಿದ್ದರೆ ಅದು ವ್ಯರ್ಥ ಪ್ರಯತ್ನ. ಅಮ್ಮ ಬೇಡವೆನ್ನುತ್ತಿದ್ದರು. ದಾರಿಯುದ್ದಕ್ಕೂ ಚೆಕ್‌ಪಾಯಿಂಟುಗಳಿವೆ, ಯಾರ ಕೈಯಲ್ಲಿ ಬಂದೂಕು ಯಾವ ಹೊತ್ತಿಗೆ ಏನು ಮಾಡುತ್ತದೋ, ಈ ಹುಡುಗಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ. ಅಪ್ಪ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದರು:

"ನಿನ್ನ ವಿದ್ಯೆಯಿಂದ ಏನೂ ಆಗುದಿಲ್ಲ ಅಂತ ಇಷ್ಟು ವರ್ಷ ತಮಾಷೆ ಮಾಡಿದವ ನಾನು. ಇವತ್ತು ಅದರಿಂದ ಒಂದು ಕೆಲಸ ಆಗ್ಲಿಕ್ಕುಂಟು. ನೀನೇ ಅಡ್ಡ ನಿಲ್ತಿಯಾ?"

ಅಮ್ಮ ಬಾಗಿಲು ತೆರೆದು ಬಂದು ದಾರಿಗೆಂದು ನೀರಿನ ಬಾಟಲಿ ತುಂಬಿಸತೊಡಗಿದರು.

ಮರುದಿನ ಬೆಳಿಗ್ಗೆ ಅಪ್ಪ ಕಂಪನಿಯ ಪಿಕಪ್ ತಂದರು. ಅಲ್ಫೋನ್ಸ್ ಮಾಮ್ ತಾವೂ ಬರುತ್ತೇನೆಂದು ಹತ್ತಿದರು. ಹೆಣ ತರಲಿಕ್ಕಾದರೂ ಇಬ್ಬರು ಬೇಕಲ್ಲ ಎಂದು ಅವರು ಹೇಳಿದ್ದನ್ನು ಲಿಲ್ಲಿ ಆಂಟಿ ಕೇಳಿಸಿಕೊಳ್ಳಲಿಲ್ಲವೆಂದು ಎಲ್ಲರೂ ಅಂದುಕೊಂಡೆವು. ಪಿಕಪ್ ಮೂಲೆಯಲ್ಲಿ ತಿರುಗಿದ್ದನ್ನು ನಾನು ಮಾಳಿಗೆಯಿಂದ ಕಂಡೆನೋ, ಜೋಯ್ಸ್ ಕಂಡು ಹೇಳಿದಳೋ, ಈಗ ಬೇರೆ ಮಾಡಲಾರೆ. ಅಮ್ಮ ಇಡೀ ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು, ಪಕ್ಕದಲ್ಲಿ ಲಿಲ್ಲಿ ಆಂಟಿ. ಇಬ್ಬರೂ ಸೇರಿ ಬೇಳೆ ಆರಿಸಿದರು. ಅದರಲ್ಲಿ ಕಲ್ಲೇ ಇರಲಿಲ್ಲ. ಆರಿಸಿದ ಬೇಳೆಯನ್ನು ಮತ್ತೆ ಆರಿಸಿದರು. ಗಂಜಿ ತಳ ಹಿಡಿಯಿತು. ಅಪ್ಪ ಬರುತ್ತಾರಾ ಎಂದು ನಾನು ಕೇಳಿದಾಗ, ಬರ್ತಾರೆ ಮಗಾ ಎಂದು ಬೇರೆ ಯಾವ ತಾಯಿಯಾದರೂ ಹೇಳುತ್ತಿದ್ದಳು. ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡು, "ಗೊತ್ತಿಲ್ಲ" ಎಂದರು. ಆದರೂ ಆ ಮಾತಿನಿಂದ ನನಗೆ ಹೆದರಿಕೆ ಕಡಿಮೆಯಾಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ಗೊತ್ತಾದಾಗ ನಿಜವನ್ನೇ ಹೇಳುತ್ತಾರೆ ಎಂದು ಆಗಲೇ ನನಗೆ ಅನ್ನಿಸಿತ್ತೋ, ಆಮೇಲೆ ನಾನು ಹಚ್ಚಿದ ಬಣ್ಣವೋ ಹೇಳಲಾರೆ. ಹೆದರಿಕೆ ಕಡಿಮೆಯಾದದ್ದು ಮಾತ್ರ ನಿಜ.

ಬಿಸಿಲು ಇಳಿಯುವ ಮೊದಲೇ ಅವರಿಬ್ಬರೂ ವಾಪಸು ಬಂದರು. ಹೆಣ ತಂದಿರಲಿಲ್ಲ, ವಿನ್ಸೆಂಟ್ ಅಂಕಲನ್ನೂ ತಂದಿರಲಿಲ್ಲ. ಅಪ್ಪನ ಅಂಗಿ ಬೆವರಿಗೆ ಅಂಟಿ, ದನಿ ಒಡೆದಿತ್ತು. ಪ್ರತಿ ಚೆಕ್‌ಪಾಯಿಂಟಿನಲ್ಲೂ ಕೈ ಎತ್ತಿ "ಹಿಂದಿ, ಹಿಂದಿ" ಎಂದು ತಾನು ಭಾರತೀಯನೆಂದು ಕೂಗಿ ಕೂಗಿ ಹಾಗಾಗಿತ್ತು. ಆದರೆ ಒಳಗೆ ಬಂದವರು ನೇರ ಸೋಫಾದ ಮೇಲೆ ಕೂತು, ನೀರನ್ನೂ ಕೇಳದೆ, ಅಮ್ಮನ ಮುಖ ನೋಡಿದರು. ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಹಾಗೆ.

"ಹೇಳಿ" ಎಂದರು ಅಮ್ಮ.

"ಕ್ಲಿನಿಕ್ ಖಾಲಿ. ದಾರಿಯಲ್ಲಿ ಸುಟ್ಟ ಗಾಡಿಗಳುಂಟು. ಅವುಗಳಲ್ಲಿ ಕ್ಲಿನಿಕ್ಕಿನ ವ್ಯಾನ್ ಇಲ್ಲ. ಹಿಂದಿನ ಕ್ವಾರ್ಟರ್ಸಲ್ಲಿ ಅವನ ರೂಮಿಗೆ ಹೊರಗಿಂದ ಬೀಗ. ಕಿಟಕಿಯಿಂದ ನೋಡಿದೆ. ಮಂಚದಲ್ಲಿ ಹಾಸಿಗೆ ಮಡಚಿ ಇಟ್ಟಿದೆ."

"ಲೂಟಿ ಮಾಡಿದ್ದಾರೆ. ಗೋಡೆಯಲ್ಲಿ ದೇವರ ಪಟ ಇಲ್ಲ. ದೇವರನ್ನೂ ಬಿಡ್ಲಿಲ್ಲ" ಎಂದರು ಅಲ್ಫೋನ್ಸ್ ಮಾಮ್.

"ಅದೇ ನಾನು ಹೇಳುದು!" ಅಪ್ಪ ಎದ್ದು ಬೆತ್ತದ ಕುರ್ಚಿಗೆ ಹೋಗಿ ಕೂತರು. ಕ್ರಮವನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದನ್ನು ಕಂಡು ನನಗೂ ಜೋಯ್ಸಳಿಗೂ ನಗು ಬಂತು. "ಪಟ ಇಲ್ಲ, ಸರಿ. ಟೇಬಲ್ ಫ್ಯಾನ್ ಉಂಟು. ರೇಡಿಯೋ ಉಂಟು. ಲೂಟಿಗೆ ಬಂದವ ಫ್ಯಾನ್, ರೇಡಿಯೋ ಬಿಟ್ಟು ಏಸುವಿನ ಪಟ ಒಯ್ತಾನಾ ಮಾರಾಯಾ? ಹಾಸಿಗೆ ಮಡಚಿ, ಬೀಗ ಹಾಕಿ ಹೋಗ್ತಾನಾ? ಪಟ ತೆಗೆದದ್ದು ಪಟ ಯಾರಿಗೆ ಬೇಕೋ ಅವನು."

ಲಿಲ್ಲಿ ಆಂಟಿ ಬಾಯಿಗೆ ಸೆರಗು ಒತ್ತಿದರು. ಅದು ಅವರ ಅತ್ತೆಯ ಮನೆಯ ಪಟವಂತೆ. ವಿನ್ಸೆಂಟ್ ಅಂಕಲ್ ರಜೆಗೆ ಊರಿಗೆ ಹೋಗುವಾಗಲೂ ಅದನ್ನು ಕೋಣೆಯಲ್ಲಿ ಬಿಟ್ಟು ಹೋಗುತ್ತಿರಲಿಲ್ಲವಂತೆ. ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ಮತ್ತೆ ಮತ್ತೆ ತಿರುಗಿಸಿ ಕೇಳಿದರು, ಬೀಗ ಒಡೆದು ಹಾಕಿದ್ದಾಗಿತ್ತಾ, ಕಿಟಕಿ ಹೊರಗಿಂದ ತೆರೆಯುತ್ತದಾ, ರೇಡಿಯೋ ಕಂಡದ್ದು ಇಬ್ಬರೂ ಹೌದಾ. ಕೊನೆಗೆ ಹೇಳಿದರು:

"ತಾವಾಗಿಯೇ ನಡೆದು ಹೋಗಿದ್ದಾರೆ. ಎಲ್ಲಿಗೆ, ಗೊತ್ತಿಲ್ಲ. ಈಗ ಎಲ್ಲಿದ್ದಾರೆ, ಗೊತ್ತಿಲ್ಲ. ಆದರೆ ಆ ಕೋಣೆಯಿಂದ ಹೊರಡುವಾಗ ಬದುಕಿದ್ದರು, ಕೈಯಲ್ಲಿ ಪಟ ಇತ್ತು."

ಅಲ್ಫೋನ್ಸ್ ಮಾಮ್ ಹೋಗಿ ಚಾಪೆಯ ಮೇಲೆ ಕೂತರು. ಅಪ್ಪ ಅಮ್ಮನನ್ನು ನೋಡಿ, ನಾನು ಪಾಸಾ ಎಂದು ಕೇಳಿದರು. ಅಮ್ಮನಿಗೆ ಆಗ ಅಳು ಬಂತು.

ನಡೆದು ಹೋದವರು ತನ್ನಲ್ಲಿಗೇ ಬರುತ್ತಾರೆಂದು ಲಿಲ್ಲಿ ಆಂಟಿ ಮೊದಲ ಬಸ್ ಹತ್ತಲಿಲ್ಲ. ಎರಡನೆಯದನ್ನೂ ಹತ್ತಲಿಲ್ಲ. ಅವರು ಹೋಗದೆ ನಾವು ಹೋಗುವುದಿಲ್ಲವೆಂದು ಅಮ್ಮ ಹಠ ಹಿಡಿದರು. ಅಲ್ಫೋನ್ಸ್ ಮಾಮ್ ಬೈಯುತ್ತಲೇ ಉಳಿದರು. ಅಷ್ಟಮಿ ಬಂತು. ಅಮ್ಮ ಇದ್ದ ಅವಲಕ್ಕಿ, ಬೆಲ್ಲದಲ್ಲಿ ಉಂಡೆ ಕಟ್ಟಿದರು. ಎರಡೂ ಮನೆಯವರು ಹಂಚಿ ತಿಂದೆವು. ಲಿಲ್ಲಿ ಆಂಟಿ ಪ್ರತಿ ಸಂಜೆ ಜಪಸರ ಹಿಡಿದು, ಪ್ರವಾಸದಲ್ಲಿರುವವರಿಗಾಗಿ ಮಾಡುವ ಪ್ರಾರ್ಥನೆಯನ್ನು ಮಾಡಿದರು. ವಿನ್ಸೆಂಟ್ ಅಂಕಲ್ ಬರಲಿಲ್ಲ. ಬೀದಿಯಲ್ಲಿ ಮನೆಗಳು ಖಾಲಿಯಾಗುತ್ತ ಬಂದು, ಜಮೀಯಾದಲ್ಲಿ ಕಪಾಟುಗಳು ಬರಿದಾಗಿ, ಚಿಕ್ಕವನಿಗೆ ಹಾಲಿನ ಪುಡಿಯೂ ಸಿಗದಂತಾದಾಗ, ಲಿಲ್ಲಿ ಆಂಟಿಯೇ ಹೊರಡೋಣ ಎಂದರು. ಬಾಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನಿನ ಮರಳಿನಲ್ಲಿ ಡೇರೆಗಳು. ಆ ದಾರಿಯ ಕಥೆಯನ್ನು ಹೋಗಿ ಬಂದವರೆಲ್ಲ ಹೇಳಿದ್ದಾರೆ, ನನ್ನ ಪಾಲಿಗೆ ಅದು ಬಾಯಾರಿಕೆ ಮತ್ತು ಜೋಯ್ಸಳ ಹೆಗಲ ಮೇಲಿನ ನಿದ್ದೆ.

ಬೊಂಬಾಯಿಯ ವಿಮಾನ ನಿಲ್ದಾಣದ ಹೊರಗೆ ಕಂಬಿಯ ಆಚೆ ವಿನ್ಸೆಂಟ್ ಅಂಕಲ್ ನಿಂತಿದ್ದರು. ಯಾರದೋ ದೊಗಲೆ ಅಂಗಿ, ಬೆಳೆದ ಗಡ್ಡ. ಇದನ್ನು ನಾನು ಕಂಡಿದ್ದೇನೆ. ಲಿಲ್ಲಿ ಆಂಟಿ ಅವರನ್ನು ನೋಡಿ ಕೂಗಲಿಲ್ಲ, ಓಡಲಿಲ್ಲ. ಹತ್ತಿರ ಹೋಗಿ ಚಿಕ್ಕವನನ್ನು ಅವರ ತೋಳಿಗೆ ಕೊಟ್ಟು, ಅಲ್ಲಿಯೇ ಕೆಳಗೆ ಕೂತುಬಿಟ್ಟರು. ನಡೆದದ್ದು ಇಷ್ಟು. ದಾಳಿಯಾದ ಕೆಲವು ದಿನಕ್ಕೆ ಅವರು ಕ್ಲಿನಿಕ್ಕಿನವರ ಜೊತೆ ಹೊರಟು, ರುಮೈಥಿಯಾಕ್ಕೆ ಬರಬೇಕೆಂದಿದ್ದಾಗ, ಅಲ್ಲಿಯ ಭಾರತೀಯರೆಲ್ಲ ಹೊರಟುಹೋಗಿದ್ದಾರೆ, ಆ ಬೀದಿಯಲ್ಲಿ ಒಂದು ಬೆಕ್ಕೂ ಇಲ್ಲ ಎಂದು ದಾರಿಯಲ್ಲಿ ಯಾರೋ ಹೇಳಿದರಂತೆ. ನಂಬಿದರು. ಹೆಂಡತಿ ಮಕ್ಕಳು ಮುಂದೆ ಹೋಗಿದ್ದಾರೆಂದು ನೇರ ಗಡಿಗೆ ಹೋದರು. ಜೋರ್ಡಾನಿನ ಡೇರೆಗಳಲ್ಲಿ ಹುಡುಕಿದರು, ಕಾದರು, ವಿಮಾನ ಹತ್ತಿಸಿದಾಗ ಹತ್ತಿದರು. ಅಲ್ಲಿಂದ ಮುಂದೆ ಬೊಂಬಾಯಿಯಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು ಪ್ರತಿ ವಿಮಾನಕ್ಕೂ ಬಂದು ನಿಲ್ಲುತ್ತಿದ್ದರು.

ಮರುವರ್ಷ ಕುವೈತ್ ಬಿಡುಗಡೆಯಾಗಿ, ಅಪ್ಪನ ಕಂಪನಿಯವರು ಕರೆದು, ಮಳೆಗಾಲ ಮುಗಿದ ಮೇಲೆ ನಾವೂ ವಾಪಸು ಹೋದೆವು. ಎಣ್ಣೆ ಬಾವಿಗಳ ಬೆಂಕಿ ಆರುತ್ತ ಬಂದಿದ್ದರೂ ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ ಬೆರಳಾಡಿಸಿದರೆ ಮಸಿ ಬರುತ್ತಿತ್ತು. ಎದುರು ಮನೆಯವರೂ ಬಂದರು. ವಿನ್ಸೆಂಟ್ ಅಂಕಲಿಗೆ ಈಗ ಹತ್ತಿರದಲ್ಲೇ ಕೆಲಸ. ಬಂದ ಮೊದಲ ಶುಕ್ರವಾರ ಲಿಲ್ಲಿ ಆಂಟಿಯ ಮನೆಯಲ್ಲಿ ಎಲ್ಲರಿಗೂ ಊಟ. ಮೀನು ಹುರಿದಿದ್ದರು, ಇಡ್ಲಿಯಂಥ ಸಣ್ಣಾಸ್ ಬೇಯಿಸಿದ್ದರು. ಅಲ್ಫೋನ್ಸ್ ಮಾಮ್ ಹೊಟ್ಟೆ ತುಂಬ ಉಂಡು, ಒಳ್ಳೆಯ ಮನಸ್ಥಿತಿಯಲ್ಲಿದ್ದರು. ಅಪ್ಪ ಜಹ್ರಾದ ಕಥೆಯನ್ನು ಫ್ಯಾನ್ ರೇಡಿಯೋ ಸಮೇತ ಮತ್ತೊಮ್ಮೆ ಹೇಳಿ, ಹೆಂಡತಿಯ ಕಡೆ ನೋಡಿ, ಇವಳ ತತ್ವಶಾಸ್ತ್ರ ಇಲ್ಲದಿದ್ದರೆ ನಮ್ಮ ಗತಿ ಏನು ಎಂದರು. ಈ ಸಲ ತಮಾಷೆ ಇರಲಿಲ್ಲ.

"ಒಂದು ಮಾತು ಕೇಳ್ಲಾ ಟೀಚರ್? ಸಿಟ್ಟು ಮಾಡ್ಬಾರ್ದು" ಎಂದರು ಅಲ್ಫೋನ್ಸ್ ಮಾಮ್. "ಅವತ್ತು ನನ್ನ ಮಾತು ಕೇಳಿ ಲಿಲ್ಲಿ ಅತ್ತು, ಮೊದಲ ಬಸ್ ಹತ್ತಿದ್ರೆ ಎಂತ ಆಗ್ತಿತ್ತು? ವಿನ್ಸೆಂಟ್ ಆಗ ಜೋರ್ಡಾನಿನ ಡೇರೆಯಲ್ಲಿ ಇವಳನ್ನೇ ಹುಡುಕ್ತಾ ಇದ್ದ. ಅಲ್ಲಿಯೇ ಸಿಗ್ತಿದ್ರು. ನನ್ನದು ಸುಳ್ಳು ಸುದ್ದಿ, ಒಪ್ಪಿದೆ. ಆದ್ರೆ ಸುಳ್ಳು ನಂಬಿದ್ರೆ ಬೇಗ ಸಿಗ್ತಿದ್ರು, ನಿಮ್ಮ ಸತ್ಯ ಹಿಡಿದು ಕೂತದ್ದಕ್ಕೆ ಮಕ್ಕಳು ಹಾಲಿಲ್ಲದೆ ಇದ್ದದ್ದು. ಹಾಗಾದ್ರೆ ನಿಮ್ಮ ಕಾಲೇಜಿನ ಓದು ಇವಳಿಗೆ ಎಂತಕ್ಕೆ ಬಂತು?"

ಅಮ್ಮ ತಟ್ಟೆಯಲ್ಲಿದ್ದ ಮುಳ್ಳುಗಳನ್ನು ಒಂದು ಕಡೆಗೆ ಸರಿಸುತ್ತಿದ್ದರು. ಉತ್ತರ ಹುಡುಕುತ್ತಿದ್ದಾರೆಂದು ನನಗೆ ಅನ್ನಿಸಿತು. ಅವರು ತಲೆ ಎತ್ತಿ, "ಅಲ್ಫೋನ್ಸರು ಹೇಳಿದ್ದು ಸರಿ. ಬೇಗ ಸಿಗ್ತಿದ್ರು" ಎಂದರು. ಅಪ್ಪ ಏನೋ ಹೇಳಹೊರಟರು. ಅಮ್ಮ ಬೇಡವೆಂದು ತಲೆಯಾಡಿಸಿದರು. ತತ್ವಶಾಸ್ತ್ರದಿಂದ ಸಾಮಾನ್ಯರಿಗೆ ಏನು ಪ್ರಯೋಜನ ಎಂದು ನನ್ನನ್ನು ಈಗ ಯಾರಾದರೂ ಕೇಳಿದಾಗ, ನಾನು ಫ್ಯಾನ್ ರೇಡಿಯೋದ ಕಥೆ ಹೇಳುವುದಿಲ್ಲ. ಅದರಲ್ಲಿ ಗೆದ್ದ ಖುಷಿ ಇದೆ, ಆದರೆ ಅಲ್ಫೋನ್ಸ್ ಮಾಮ್‌ನ ಪ್ರಶ್ನೆಯ ಮುಂದೆ ಅದು ನಿಲ್ಲುವುದಿಲ್ಲ. ಪ್ರಯೋಜನವಿದೆ ಎಂದು ಇಷ್ಟು ಧೈರ್ಯವಾಗಿ ನಾನು ಹೇಳುವುದು, ಆ ಮಧ್ಯಾಹ್ನ ಆಮೇಲೆ ಕೇಳಿದ ಮಾತಿನ ಬಲದಿಂದ. ಅದನ್ನು ಹೇಳಿದ್ದು ಅಮ್ಮನಲ್ಲ. ಹುರಿದ ಮೀನಿನ ಬಾಣಲೆ ಹಿಡಿದು ನಿಂತಿದ್ದ ಲಿಲ್ಲಿ ಆಂಟಿ.

"ಬೇಗ ಸಿಗ್ತಿದ್ರು, ಹೌದು ಅಣ್ಣಾ. ಆದ್ರೆ ಬಸ್ ಹತ್ತುವ ಮೊದಲು ಜೋಯ್ಸನ್ನು ಕೂರಿಸಿ ನಾನು ಒಂದು ಮಾತು ಹೇಳ್ಬೇಕಿತ್ತು, ಅಪ್ಪ ಇಲ್ಲ ಅಂತ. ನೀನೇ ಅವಳಿಗೆ ಹೇಳು ಅಂತ ಅವತ್ತು ನೀನು ನನಗೆ ಅಂದಿದ್ದೆ. ಹೇಳಿ ಆದ ಮೇಲೆ ಅಪ್ಪ ಎದುರಿಗೇ ಬಂದು ನಿಂತ್ರೂ, ಆ ಮಾತನ್ನು ಕೇಳಿಸಿಕೊಂಡ ಮಗುವೇ ಅಲ್ವಾ ಅವಳು? ಅದನ್ನು ಅವಳ ಕಿವಿಯಿಂದ ನಾನು ಹೇಗೆ ವಾಪಸು ತೆಗೀಲಿ?"

ಒಳಕೋಣೆಯಲ್ಲಿ ತಮ್ಮನ ಜೊತೆ ಆಡುತ್ತಿದ್ದ ಜೋಯ್ಸ್ ಓಡಿ ಬಂದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು "ವಾಟ್?" ಎಂದಳು. ಅವಳು ಕೈ ಚಾಚಿ, ತನ್ನ ಅಪ್ಪನ ತಟ್ಟೆಯಲ್ಲಿದ್ದ ದೊಡ್ಡ ಮೀನಿನ ತುಂಡನ್ನು ಕೇಳದೆಯೇ ಎತ್ತಿಕೊಂಡು, ತಿನ್ನುತ್ತ ಒಳಗೆ ಹೋದಳು.